ಪ್ರಶ್ನೋತ್ತರ: ಸಿಪಿಯು ಖಾಲಿ, ಸರ್ವರ್ ನಿಧಾನ. ಯಾಕೆ?

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಲಿನಕ್ಸ್ ಸರ್ವರ್‌ಗಳ ಮೇಲಿನ ಒತ್ತಡವನ್ನು ಅಳೆಯುವುದು ಹೇಗೆ ಎಂಬುದನ್ನೇ ಕೇಳಿವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ನಮ್ಮ 16 ಕೋರ್‌ಗಳ ಸರ್ವರ್‌ನಲ್ಲಿ ಲೋಡ್ ಆವರೇಜ್ (ಕೆಲಸಗಳ ಸರಾಸರಿ ಸಾಲು) 60 ದಾಟಿದೆ. ಟಾಪ್ ಕಮಾಂಡಿನಲ್ಲಿ ನೋಡಿದರೆ ಸಿಪಿಯು ಶೇ 90ರಷ್ಟು ಖಾಲಿ! ಯಾವುದನ್ನು ನಂಬಬೇಕು? ಕೋರ್ ಹೆಚ್ಚಿಸಿದರೆ ಸರಿಹೋಗುತ್ತದೆಯೇ?
– ಹುಬ್ಬಳ್ಳಿಯ ಓದುಗರು

ಎರಡೂ ನಿಜ. ಕೋರ್‌ಗೆ ದುಡ್ಡು ಸುರಿಯಬೇಡಿ, ಒಂದು ಸೆಕೆಂಡೂ ಉಳಿಯುವುದಿಲ್ಲ.

ಲಿನಕ್ಸ್‌ನ ಲೋಡ್ ಲೆಕ್ಕದಲ್ಲಿ ಓಡುತ್ತಿರುವ ಮತ್ತು ಸಿಪಿಯುಗಾಗಿ ಸಾಲುಗಟ್ಟಿರುವ ಪ್ರೊಸೆಸ್‌ಗಳ ಜೊತೆಗೆ 'ಡಿ' ಸ್ಥಿತಿಯವೂ ಸೇರುತ್ತವೆ. ಡಿ ಎಂದರೆ ಬಹುತೇಕ ಡಿಸ್ಕ್ ಅಥವಾ ನೆಟ್‌ವರ್ಕ್ ಫೈಲ್ ಸಿಸ್ಟಂನಿಂದ ಉತ್ತರ ಬರುವವರೆಗೆ ಅಲುಗಾಡದೆ ಕಾಯುವ ಸ್ಥಿತಿ. 1993ರಲ್ಲೇ ಕರ್ನೆಲ್‌ಗೆ (ಲಿನಕ್ಸ್‌ನ ತಿರುಳಿಗೆ) ಸೇರಿದ ಬದಲಾವಣೆ ಇದು. ಹಾಗಾಗಿ 'ಲೋಡ್ ಕೋರ್‌ಗಳ ಸಂಖ್ಯೆಗಿಂತ ಹೆಚ್ಚಾದರೆ ಸಿಪಿಯು ಸಾಲದು' ಎಂಬ ಹಳೆಯ ಸೂತ್ರ ಲಿನಕ್ಸ್‌ನಲ್ಲಿ ಅರ್ಧ ಮಾತ್ರ ಸರಿ.

ಮೊದಲು 'ವಿಎಂಸ್ಟ್ಯಾಟ್ 1' ಓಡಿಸಿ. ಮೊದಲ ಸಾಲು ಸರ್ವರ್ ಬೂಟ್ ಆದಂದಿನಿಂದ ಇಂದಿನವರೆಗಿನ ಸರಾಸರಿ, ಅದನ್ನು ಬಿಟ್ಟುಬಿಡಿ. 'ಆರ್' ಕಾಲಂ ಸಿಪಿಯು ಸಾಲನ್ನು, 'ಬಿ' ಕಾಲಂ ಡಿ ಸ್ಥಿತಿಯವನ್ನು ತೋರಿಸುತ್ತದೆ. ನಿಮ್ಮಲ್ಲಿ ಆರ್ ಎರಡೋ ಮೂರೋ, ಬಿ ಐವತ್ತರ ಮೇಲೆ ಇರಬೇಕು. ಆಮೇಲೆ ಪಿಎಸ್ ಕಮಾಂಡಿಗೆ ಸ್ಥಿತಿ, ಪಿಐಡಿ (ಪ್ರೊಸೆಸ್ ಸಂಖ್ಯೆ), ಡಬ್ಲ್ಯೂಚಾನ್ ಕಾಲಂಗಳನ್ನು ಕೇಳಿ, ಡಿ ಇರುವ ಸಾಲುಗಳನ್ನಷ್ಟೇ ಹೆಕ್ಕಿ. ಡಬ್ಲ್ಯೂಚಾನ್ ಎಂದರೆ ಪ್ರೊಸೆಸ್ ಕರ್ನೆಲ್‌ನ ಯಾವ ಫಂಕ್ಷನ್‌ನಲ್ಲಿ ನಿಂತಿದೆ ಎಂಬ ವಿಳಾಸ. ಅಲ್ಲಿ ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಂ) ಅಥವಾ ಅದು ಬಳಸುವ ಆರ್‌ಪಿಸಿ ಎಂದು ಕಂಡರೆ ತೊಂದರೆ ಈ ಸರ್ವರ್‌ನಲ್ಲಿಲ್ಲ, ಆ ಕಡೆಯ ಸ್ಟೋರೇಜ್‌ನಲ್ಲಿದೆ ಅಥವಾ ನಡುವಿನ ನೆಟ್‌ವರ್ಕ್‌ನಲ್ಲಿದೆ. 'ಹಾರ್ಡ್' ಮೌಂಟ್ ಮಾಡಿದ ಎನ್‌ಎಫ್‌ಎಸ್ ಉತ್ತರ ಬರುವ ತನಕ ಕೇಳುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಲೋಡ್ ಏರುತ್ತದೆ.

ಸ್ಥಳೀಯ ಡಿಸ್ಕ್ ಎಂದು ಕಂಡರೆ 'ಐಓಸ್ಟ್ಯಾಟ್'ಗೆ ಎಕ್ಸ್ ಆಯ್ಕೆ ಕೊಟ್ಟು ಅವೇಟ್ ಕಾಲಂಗಳನ್ನು ನೋಡಿ. ಓದಲು, ಬರೆಯಲು ಪ್ರತಿ ಕೋರಿಕೆಗೆ ಎಷ್ಟು ಮಿಲಿಸೆಕೆಂಡ್ ಆಯಿತೆಂದು ಅವು ಬೇರೆ ಬೇರೆಯಾಗಿ ಹೇಳುತ್ತವೆ. ನಿಮಿಷಕ್ಕೆ 7200 ಸುತ್ತಿನ ತಿರುಗುವ ಡಿಸ್ಕ್‌ಗೆ ಚೆಲ್ಲಾಪಿಲ್ಲಿ ಓದಿನಲ್ಲಿ 10 ಮಿಲಿಸೆಕೆಂಡ್ ಆಸುಪಾಸು ಸಹಜ. ಎನ್‌ವಿಎಂಇ (ಅತಿ ವೇಗದ ಎಸ್‌ಎಸ್‌ಡಿ) ಡಿಸ್ಕ್‌ನಲ್ಲಿ ಅದೇ 10 ಕಂಡರೆ ಏನೋ ಕೆಟ್ಟಿದೆ. ಕೊನೆಯಲ್ಲಿರುವ 'ಯುಟಿಲ್' ಶೇಕಡಾವನ್ನು ಮಾತ್ರ ಎಸ್‌ಎಸ್‌ಡಿಗಳ ಮಟ್ಟಿಗೆ ಮರೆತುಬಿಡಿ. ಕನಿಷ್ಠ ಒಂದಾದರೂ ಕೋರಿಕೆ ಬಾಕಿ ಇದ್ದ ಸಮಯವನ್ನು ಅದು ಎಣಿಸುತ್ತದೆಯೇ ಹೊರತು ಎಷ್ಟು ಕೋರಿಕೆಗಳು ಒಟ್ಟಿಗೆ ನಡೆಯುತ್ತಿದ್ದವು ಎಂಬುದನ್ನಲ್ಲ. ಹತ್ತಾರು ಕೋರಿಕೆಗಳನ್ನು ಒಟ್ಟಿಗೆ ನಿಭಾಯಿಸುವ ಡಿಸ್ಕ್ ಶೇ 100 ತೋರಿಸಿಯೂ ಆರಾಮಾಗಿರಬಹುದು.

ಐಓ (ಓದು–ಬರಹ) ವೇಟ್ ಎಂಬ 'ಡಬ್ಲ್ಯೂಎ' ಅಂಕಿಯೂ ಮೋಸದ್ದೇ. ಅದು ಐಓ ಬಾಕಿ ಇರುವಾಗ ಸಿಪಿಯು ಖಾಲಿ ಕೂತ ಸಮಯ, ಅಷ್ಟೆ. 16 ಕೋರ್‌ಗಳಲ್ಲಿ ಒಂದೇ ಥ್ರೆಡ್ ಡಿಸ್ಕ್‌ಗಾಗಿ ಪೂರ್ತಿ ಕಾದರೂ ಅದು ಶೇ 6.25ರ ಮೇಲೆ ಹೋಗುವುದಿಲ್ಲ. ಆ ಒಂದು ಥ್ರೆಡ್ಡೇ ನಿಮ್ಮ ಡೇಟಾಬೇಸ್‌ನ ಲಾಗ್ ಬರೆಯುವುದಾಗಿದ್ದರೆ ಇಡೀ ಕಚೇರಿ ನಿಂತಿರುತ್ತದೆ.

ಇಷ್ಟೆಲ್ಲ ಜಾಲಾಡುವುದನ್ನು ತಪ್ಪಿಸುವ ಅಳತೆಯೊಂದು ಕರ್ನೆಲ್ 4.20ರಿಂದ, ಅಂದರೆ 2018ರ ಡಿಸೆಂಬರ್‌ನಿಂದ ಇದೆ: ಪಿಎಸ್‌ಐ (ಪ್ರೆಷರ್ ಸ್ಟಾಲ್ ಇನ್ಫರ್ಮೇಶನ್). 'ಪ್ರಾಕ್' ಒಳಗಿನ 'ಪ್ರೆಷರ್' ಫೋಲ್ಡರಿನಲ್ಲಿ ಸಿಪಿಯು, ಮೆಮೊರಿ, ಐಓ ಎಂಬ ಫೈಲ್‌ಗಳಿವೆ. ಐಓ ಫೈಲಿನ 'ಸಮ್' (ಕೆಲವು) ಸಾಲಿನಲ್ಲಿ ಆವರೇಜ್10 ಎಂಬುದು 35 ಇದ್ದರೆ, ಕಳೆದ 10 ಸೆಕೆಂಡಿನಲ್ಲಿ ಶೇ 35ರಷ್ಟು ಹೊತ್ತು ಯಾವುದಾದರೂ ಒಂದು ಕೆಲಸ ಐಓಗಾಗಿ ಸಿಕ್ಕಿಕೊಂಡಿತ್ತು ಎಂದರ್ಥ. 'ಫುಲ್' ಸಾಲು ಎಲ್ಲ ಕೆಲಸಗಳೂ ಒಟ್ಟಿಗೆ ನಿಂತ ಹೊತ್ತು. ಬಳಕೆ ಎಷ್ಟು ಎಂದಲ್ಲ, ಕಾಯುವಿಕೆ ಎಷ್ಟು ಎಂದು ನೇರವಾಗಿ ಹೇಳುವ ಅಂಕಿ ಇದು. ರೆಡ್ ಹ್ಯಾಟ್ 8 ಮತ್ತು 9ರಲ್ಲಿ ತಾನಾಗಿ ಚಾಲೂ ಇರುವುದಿಲ್ಲ; ಬೂಟ್ ಸಾಲಿನಲ್ಲಿ ಪಿಎಸ್‌ಐ=1 ಸೇರಿಸಿ ರೀಬೂಟ್ ಮಾಡಬೇಕು.

64 ಜಿಬಿ ಮೆಮೊರಿಯಲ್ಲಿ 'ಫ್ರೀ' 700 ಎಂಬಿ ಮಾತ್ರ ಉಳಿಯುತ್ತದೆ. ಹಿಂದಿನ ಅಡ್ಮಿನ್ ರಾತ್ರಿ 2ಕ್ಕೆ ಕ್ಯಾಶ್ ಖಾಲಿ ಮಾಡುವ ಕ್ರಾನ್ (ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸ) ಹಾಕಿ ಹೋಗಿದ್ದಾರೆ. ಮುಂದುವರಿಸಲೇ?
– ತುಮಕೂರಿನ ಓದುಗರು

ಇವತ್ತೇ ತೆಗೆದುಹಾಕಿ. ಬಳಕೆಯಾಗದ ಮೆಮೊರಿಯಲ್ಲಿ ಲಿನಕ್ಸ್ ಫೈಲ್‌ಗಳ ಪ್ರತಿ ಇಟ್ಟುಕೊಂಡಿರುತ್ತದೆ. ಪ್ರೋಗ್ರಾಂ ಕೇಳಿದ ಕ್ಷಣ ಜಾಗ ಬಿಟ್ಟುಕೊಡುತ್ತದೆ. ರಾತ್ರಿ ಅದನ್ನು ಎಸೆದರೆ ಬೆಳಗ್ಗೆ ಎಲ್ಲ ಓದೂ ಡಿಸ್ಕ್‌ಗೆ ಹೋಗುತ್ತದೆ, 'ಬೆಳಗ್ಗೆ ಮಾತ್ರ ನಿಧಾನ' ಎಂಬ ಇನ್ನೊಂದು ದೂರು ಹುಟ್ಟಿಕೊಳ್ಳುತ್ತದೆ. ನೋಡಬೇಕಾದ್ದು 'ಅವೈಲಬಲ್' ಕಾಲಂ. ಕರ್ನೆಲ್ 3.14ರಿಂದ ಕರ್ನೆಲ್ಲೇ ಈ ಅಂದಾಜು ಕೊಡುತ್ತದೆ. ಕ್ಯಾಶ್ ಕಾಲಂನಲ್ಲಿ ಹಂಚಿಕೆಯ ಮೆಮೊರಿಯೂ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರುವ ತಾತ್ಕಾಲಿಕ ಫೈಲ್ ಸಿಸ್ಟಂ) ಕೂಡ ಸೇರಿರುವುದರಿಂದ 'ಫ್ರೀ ಕೂಡಿಸು ಕ್ಯಾಶ್' ಎಂದು ಕೈಲೆಕ್ಕ ಹಾಕಬೇಡಿ.

ಮೆಮೊರಿ ನಿಜವಾಗಿ ಸಾಲದಾದಾಗ ವಿಎಂಸ್ಟ್ಯಾಟ್‌ನ 'ಎಸ್‌ಐ', 'ಎಸ್‌ಓ' ಕಾಲಂಗಳು ನಿಮಿಷಗಟ್ಟಲೆ ಸೊನ್ನೆಗೆ ಇಳಿಯುವುದಿಲ್ಲ. ಸ್ವಾಪ್‌ನಲ್ಲಿ (ಮೆಮೊರಿಯ ಬದಲಿಗೆ ಬಳಸುವ ಡಿಸ್ಕ್ ಜಾಗದಲ್ಲಿ) 2 ಜಿಬಿ ಕೂತಿದೆ ಎಂಬುದಷ್ಟೇ ರೋಗವಲ್ಲ. ಒಳಗೆ ಹೊರಗೆ ಓಡಾಟ ನಡೆದಿದೆಯೇ ಎಂಬುದು ಮುಖ್ಯ.

ಡಿಎಫ್ (ಡಿಸ್ಕ್‌ನ ಒಟ್ಟು ಲೆಕ್ಕ) ಪ್ರಕಾರ ಡಿಸ್ಕ್ ತುಂಬಿದೆ, ಡಿಯು (ಫೈಲ್‌ಗಳ ಲೆಕ್ಕ) ಕೂಡಿಸಿದರೆ 40 ಜಿಬಿ ಕಡಿಮೆ. ಆ 40 ಎಲ್ಲಿ ಹೋಯಿತು?
– ಶಿವಮೊಗ್ಗದ ಓದುಗರು

ಯಾರೋ ದೊಡ್ಡ ಲಾಗ್ ಫೈಲನ್ನು ಅಳಿಸಿದ್ದಾರೆ, ಅದನ್ನು ಬರೆಯುತ್ತಿದ್ದ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿದೆ. ಹೆಸರು ಹೋಗಿದೆ, ಜಾಗ ಹೋಗಿಲ್ಲ. 'ಎಲ್‌ಎಸ್‌ಓಎಫ್'ಗೆ ಪ್ಲಸ್ ಎಲ್1 ಆಯ್ಕೆ ಕೊಟ್ಟರೆ ಅಂಥವೆಲ್ಲ ಪಟ್ಟಿಯಾಗುತ್ತವೆ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿ. ಡಿಎಫ್ ಜಾಗ ತೋರಿಸಿಯೂ ಬರೆಯಲು ಆಗದಿದ್ದರೆ ಐನೋಡ್ (ಪ್ರತಿ ಫೈಲಿಗೊಂದರಂತೆ ಬೇಕಾದ ದಾಖಲೆ) ಮುಗಿದಿರಬಹುದು, ಡಿಎಫ್‌ಗೆ 'ಐ' ಆಯ್ಕೆ ಕೊಟ್ಟು ನೋಡಿ. ಇನ್ನೊಂದು: ಇಎಕ್ಸ್‌ಟಿ4 ಫೈಲ್ ಸಿಸ್ಟಂ ತಾನಾಗಿ ಶೇ 5 ಜಾಗವನ್ನು ರೂಟ್‌ಗೆ (ಅಡ್ಮಿನ್ ಖಾತೆಗೆ) ಮೀಸಲಿಡುತ್ತದೆ. 4 ಟಿಬಿ ಡೇಟಾ ಡಿಸ್ಕ್‌ನಲ್ಲಿ ಅದು 200 ಜಿಬಿ. ಬರೀ ಡೇಟಾ ಇಡುವ ಪಾರ್ಟಿಷನ್ ಆದರೆ 'ಟ್ಯೂನ್2ಎಫ್‌ಎಸ್'ನಿಂದ ಶೇ 1ಕ್ಕೆ ಇಳಿಸಬಹುದು.

ಪರೀಕ್ಷಾ ಫಲಿತಾಂಶ ಬಿಟ್ಟ ಕೂಡಲೇ ನಮ್ಮ ಸಂಸ್ಥೆಯ ಪುಟ ಮಲಗುತ್ತದೆ. ಗ್ರಾಫ್ ತೆಗೆದರೆ ಸಿಪಿಯು ಶೇ 45 ಕೂಡ ಮುಟ್ಟಿಲ್ಲ. ಸಂಸ್ಥೆಯವರು 'ಅರ್ಧ ಖಾಲಿ ಇರುವಾಗ ಹೊಸ ಸರ್ವರ್ ಯಾಕೆ' ಎನ್ನುತ್ತಾರೆ.
– ಕಲಬುರಗಿಯ ಓದುಗರು

ಮೊದಲು ಗ್ರಾಫ್‌ನ ಒಂದು ಚುಕ್ಕೆ ಎಷ್ಟು ನಿಮಿಷದ ಸರಾಸರಿ ಎಂದು ನೋಡಿ. 5 ನಿಮಿಷದ್ದಾದರೆ ಲೆಕ್ಕ ಹೀಗೆ: 60 ಸೆಕೆಂಡ್ ಶೇ 100, ಉಳಿದ 240 ಸೆಕೆಂಡ್ ಶೇ 30. ಸರಾಸರಿ ಶೇ 44! ಆ ಒಂದು ನಿಮಿಷದಲ್ಲೇ ನಿಮ್ಮ ಪುಟ ಸತ್ತಿದೆ, ಗ್ರಾಫ್ ಮಾತ್ರ ನಗುತ್ತಿದೆ. ಸಿಸ್‌ಸ್ಟ್ಯಾಟ್‌ನ 'ಸಾರ್' ಮೂಲ ಸೆಟ್ಟಿಂಗ್‌ನಲ್ಲಿ 10 ನಿಮಿಷಕ್ಕೊಮ್ಮೆ ದಾಖಲಿಸುತ್ತದೆ, ಅದಿನ್ನೂ ಒರಟು. ಅದನ್ನು 1 ನಿಮಿಷಕ್ಕೆ ತನ್ನಿ. ಪ್ರೊಮೀಥಿಯಸ್ (ಅಳತೆಗಳನ್ನು ಕಲೆಹಾಕುವ ತಂತ್ರಾಂಶ) ಇದ್ದರೆ 15 ಸೆಕೆಂಡ್ ಸಾಕು, ಫಲಿತಾಂಶದ ದಿನ 5 ಮಾಡಿ.

ಆದರೆ ನಿಮ್ಮ ರೋಗ ಸಿಪಿಯು ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಸೆಕೆಂಡಿಗೆ ಬರುವ ಕೋರಿಕೆಗಳನ್ನು ಒಂದಕ್ಕೆ ಹಿಡಿಯುವ ಸಮಯದಿಂದ ಗುಣಿಸಿದರೆ ಏಕಕಾಲಕ್ಕೆ ಒಳಗಿರುವ ಕೋರಿಕೆಗಳ ಸಂಖ್ಯೆ ಸಿಗುತ್ತದೆ. ಲಿಟ್ಲ್ ನಿಯಮ ಎಂದೇ ಇದಕ್ಕೆ ಹೆಸರು. 400 ಕೋರಿಕೆ, ತಲಾ 0.25 ಸೆಕೆಂಡ್: 100. ವೆಬ್ ಸರ್ವರ್‌ನಲ್ಲಿ 150 ವರ್ಕರ್‌ಗಳಿದ್ದರೆ (ಒಂದೊಂದೂ ಒಂದು ಕೋರಿಕೆ ನಿಭಾಯಿಸುತ್ತದೆ) ನೆಮ್ಮದಿ. ಡೇಟಾಬೇಸ್ ನಿಧಾನವಾಗಿ ಅದೇ ಪುಟಕ್ಕೆ 2 ಸೆಕೆಂಡ್ ಹಿಡಿಯಿತೆನ್ನಿ: 800 ಬೇಕು, ಇರುವುದು 150. ಆ 150 ವರ್ಕರ್‌ಗಳೂ ಡೇಟಾಬೇಸ್ ಉತ್ತರಕ್ಕೆ ಬಾಯಿಬಿಟ್ಟು ಕೂತಿರುತ್ತವೆ, ಸಿಪಿಯುಗೆ ಕೆಲಸವೇ ಇಲ್ಲ. ಪುಟ ಬಾರದ ವಿದ್ಯಾರ್ಥಿ ಮತ್ತೆ ಮತ್ತೆ ರಿಫ್ರೆಶ್ ಒತ್ತುತ್ತಾನೆ, 400 ಇದ್ದದ್ದು ಸಾವಿರವಾಗುತ್ತದೆ.

ಹಾಗಾಗಿ ಆ ದಿನ ದಾಖಲಿಸಬೇಕಾದವು ಇವು: ಕೆಲಸದಲ್ಲಿ ತೊಡಗಿರುವ ವರ್ಕರ್‌ಗಳ ಸಂಖ್ಯೆ, ಡೇಟಾಬೇಸ್ ಕನೆಕ್ಷನ್ ಪೂಲ್‌ನಲ್ಲಿ ಸರದಿಗೆ ಕಾದವರು, ಮತ್ತು ಪೋರ್ಟ್ ಬಾಗಿಲಿನ ಸಾಲು. ಕೊನೆಯದಕ್ಕೆ 'ಎಸ್‌ಎಸ್' ಕಮಾಂಡಿನಲ್ಲಿ ಲಿಸನ್ ಸಾಲುಗಳನ್ನು ನೋಡಿ. ಅಲ್ಲಿ ರಿಸೀವ್ ಕ್ಯೂ ಎಂದರೆ ಈಗ ನಿಂತಿರುವವರು, ಸೆಂಡ್ ಕ್ಯೂ ಎಂದರೆ ನಿಲ್ಲಬಹುದಾದ ಗರಿಷ್ಠ. ಎರಡೂ ಸಮನಾದರೆ ಹೊಸಬರಿಗೆ ಬಾಗಿಲು ಮುಚ್ಚಿದೆ. ಕರ್ನೆಲ್ 5.4ಕ್ಕಿಂತ ಹಳೆಯದಾದರೆ ಈ ಗರಿಷ್ಠದ ಮೇಲಿನ ಮಿತಿ ಮೂಲತಃ 128 ಇರುತ್ತದೆ, ಆಮೇಲಿನವುಗಳಲ್ಲಿ 4096.

ಸಂಸ್ಥೆಯವರ 'ಅರ್ಧ ಖಾಲಿ' ವಾದಕ್ಕೆ ಸರದಿ ಸಿದ್ಧಾಂತದಲ್ಲೇ ಉತ್ತರವಿದೆ. ಕೋರಿಕೆಗಳು ಅಡ್ಡಾದಿಡ್ಡಿಯಾಗಿ ಬರುವ ಒಂದೇ ಕೌಂಟರಿನ ಸರಳ ಲೆಕ್ಕದಲ್ಲಿ, ಶೇ 50 ಬಳಕೆಗೆ ಒಟ್ಟು ಸಮಯ ಮೂಲದ 2 ಪಟ್ಟು, ಶೇ 80ಕ್ಕೆ 5 ಪಟ್ಟು, ಶೇ 90ಕ್ಕೆ 10 ಪಟ್ಟು. ಕೌಂಟರ್‌ಗಳು ಹೆಚ್ಚಿದಷ್ಟೂ ಏರಿಕೆ ತಡವಾಗುತ್ತದೆ, ತಪ್ಪುವುದಿಲ್ಲ. ಅದೂ ಅಲ್ಲದೆ ಹೈಪರ್‌ಥ್ರೆಡಿಂಗ್ ಇರುವ ಸರ್ವರ್‌ನಲ್ಲಿ ಎರಡು ಥ್ರೆಡ್‌ಗಳು ಒಂದೇ ಕೋರ್ ಹಂಚಿಕೊಳ್ಳುವುದರಿಂದ ಶೇ 50 ಎಂದರೆ ಇನ್ನೂ ಅಷ್ಟೇ ಬಾಕಿ ಇದೆ ಎಂದಲ್ಲ.

ಹೊಸ ಸರ್ವರ್ ಕೊಳ್ಳುವ ಮುಂಚೆ ಒಂದು ಮಾತು. ಬಿಟ್ಟ ಮೇಲೆ ಬದಲಾಗದ ಫಲಿತಾಂಶಕ್ಕೆ ಡೇಟಾಬೇಸ್ ಯಾಕೆ ಬೇಕು? ಹಿಂದಿನ ರಾತ್ರಿಯೇ ನೋಂದಣಿ ಸಂಖ್ಯೆಗೊಂದರಂತೆ ಪುಟ್ಟ ಫೈಲ್ ತಯಾರಿಸಿಟ್ಟು ಎನ್‌ಜಿನ್ಎಕ್ಸ್ ವೆಬ್ ಸರ್ವರ್‌ನಿಂದ ನೇರ ಕೊಡಿ. ಸಂಖ್ಯೆ ಊಹಿಸಿ ಇನ್ನೊಬ್ಬರದ್ದು ತೆಗೆಯದಂತೆ ಫೈಲ್ ಹೆಸರಿಗೆ ಜನ್ಮದಿನಾಂಕವನ್ನೂ ಗುಟ್ಟಿನ ಕೀಲಿಯನ್ನೂ ಬೆರೆಸಿದ ಹ್ಯಾಶ್ ಬಳಸಿ. ಇರುವ ಸರ್ವರ್ರೇ ಸಾಕಾಗಬಹುದು.

ಕಂಟೇನರ್‌ಗೆ 2 ಸಿಪಿಯು ಮಿತಿ ಕೊಟ್ಟಿದ್ದೇವೆ. ಸರಾಸರಿ ಬಳಕೆ 0.8 ಮಾತ್ರ, ಆದರೂ ಕೆಲವು ಕೋರಿಕೆಗಳು ಎಳೆದಾಡುತ್ತವೆ.
– ಬೆಂಗಳೂರಿನ ಓದುಗರು

ಮಿತಿ ಸೆಕೆಂಡಿಗಲ್ಲ, 100 ಮಿಲಿಸೆಕೆಂಡಿನ ಕಂತಿಗೆ. 2 ಸಿಪಿಯು ಎಂದರೆ ಪ್ರತಿ ಕಂತಿಗೆ 200 ಮಿಲಿಸೆಕೆಂಡ್ ಪಡಿತರ. 8 ಥ್ರೆಡ್‌ಗಳು ಒಟ್ಟಿಗೆ ಎದ್ದರೆ 25 ಮಿಲಿಸೆಕೆಂಡಿನಲ್ಲೇ ಅದು ಮುಗಿದು, ಉಳಿದ 75 ಕಟ್ಟಿಹಾಕಿದಂತೆ ನಿಲ್ಲುತ್ತವೆ. ಸಿಗ್ರೂಪ್‌ನ (ಕರ್ನೆಲ್ ಮಿತಿ ಹೇರುವ ಗುಂಪಿನ) 'ಸಿಪಿಯು ಡಾಟ್ ಸ್ಟ್ಯಾಟ್' ಫೈಲಿನಲ್ಲಿ ಒಟ್ಟು ಕಂತುಗಳು ಮತ್ತು ತಡೆ ಬಿದ್ದ ಕಂತುಗಳ ಎಣಿಕೆ ಇದೆ. 5 ನಿಮಿಷ ಬಿಟ್ಟು ಎರಡು ಸಲ ಓದಿ, ಏರಿಕೆಗಳ ಅನುಪಾತ ತೆಗೆಯಿರಿ. ಅದು ಶೇ 10–15 ದಾಟಿ, ನಿಧಾನವೂ ಅದೇ ಹೊತ್ತಿಗೆ ಬರುತ್ತಿದ್ದರೆ ಕಾರಣ ಸಿಕ್ಕಂತೆ. ಮಿತಿ ಏರಿಸಿ, ಇಲ್ಲವೇ ಥ್ರೆಡ್ ಪೂಲ್ ಇಳಿಸಿ. ಹೋಸ್ಟ್‌ನ 64 ಕೋರ್ ನೋಡಿ ಅಷ್ಟು ಥ್ರೆಡ್ ಹುಟ್ಟಿಸುವ ಪ್ರೋಗ್ರಾಂಗಳೇ ಇಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು.

ಬಾಡಿಗೆ ವರ್ಚುವಲ್ ಮಷಿನ್ ಆದರೆ ಟಾಪ್‌ನಲ್ಲಿ 'ಎಸ್‌ಟಿ' ಕೂಡ ನೋಡಿ. ಅದು ಹೈಪರ್‌ವೈಸರ್ (ವರ್ಚುವಲ್ ಮಷಿನ್‌ಗಳನ್ನು ನಡೆಸುವ ತಂತ್ರಾಂಶ) ನಿಮ್ಮ ಪಾಲಿನ ಸಿಪಿಯು ಬೇರೆಯವರಿಗೆ ಕೊಟ್ಟ ಹೊತ್ತು.

200 ಸರ್ವರ್‌ಗಳಿಂದ ದಿನಕ್ಕೆ ನೂರಾರು ಅಲರ್ಟ್. ಯಾರೂ ನೋಡುವುದೇ ಇಲ್ಲ. ಅಳತೆಗಳನ್ನು ಇಡಲು ಎಷ್ಟು ಜಾಗ ಬೇಕು?
– ಮೈಸೂರಿನ ಓದುಗರು

'ಸಿಪಿಯು ಶೇ 80 ದಾಟಿದೆ' ಎಂಬ ಅಲರ್ಟ್‌ಗಳನ್ನು ಮೊದಲು ಕಿತ್ತೆಸೆಯಿರಿ. ಬ್ಯಾಕಪ್ ನಡೆಯುವಾಗ ಸಿಪಿಯು ಪೂರ್ತಿ ದುಡಿದರೆ ಒಳ್ಳೆಯದೇ. ರಾತ್ರಿ ಎಬ್ಬಿಸಬೇಕಾದ್ದು ಬಳಸುವವರಿಗೆ ತಟ್ಟುವಂಥದ್ದಕ್ಕೆ ಮಾತ್ರ: ಉತ್ತರ ತಡವಾಗುತ್ತಿದೆ, ದೋಷಗಳು ಹೆಚ್ಚಿವೆ, ಡಿಸ್ಕ್ ಬೆಳಗಾಗುವುದರೊಳಗೆ ತುಂಬುತ್ತದೆ. ಕೊನೆಯದಕ್ಕೆ ಪ್ರೊಮೀಥಿಯಸ್‌ನ 'ಪ್ರೆಡಿಕ್ಟ್ ಲೀನಿಯರ್' ಇದೆ. ಕಳೆದ 6 ಗಂಟೆಯ ಇಳಿಜಾರು ಹೀಗೇ ಮುಂದುವರಿದರೆ 24 ಗಂಟೆಯಲ್ಲಿ ಸೊನ್ನೆ ಮುಟ್ಟುತ್ತದೆಯೇ ಎಂದು ಕೇಳಿ. ಉಳಿದ ಜಾಗ ಶೇ 20ಕ್ಕಿಂತ ಕಡಿಮೆ ಇರಬೇಕು, ಈ ಸ್ಥಿತಿ 30 ನಿಮಿಷವಾದರೂ ಉಳಿಯಬೇಕು ಎಂಬ ಎರಡು ಷರತ್ತು ಸೇರಿಸಿದರೆ ಲಾಗ್ ತಿರುವುವಾಗಿನ ಸುಳ್ಳು ಕರೆಗಳು ನಿಲ್ಲುತ್ತವೆ.

ಅಳೆಯುವ ವ್ಯವಸ್ಥೆಯೇ ಸತ್ತರೆ ಅಲರ್ಟ್ ಬರುವುದಿಲ್ಲ, ಆ ಮೌನ ಆರೋಗ್ಯದಂತೆಯೇ ಕಾಣುತ್ತದೆ. ಸದಾ ಬಡಿಯುವ ಒಂದು ಅಲರ್ಟ್ ಇಟ್ಟು, ಅದು ನಿಂತರೆ ಹೊರಗಿನ ಬೇರೊಂದು ಯಂತ್ರ ನಿಮಗೆ ಫೋನ್ ಮಾಡುವಂತೆ ಮಾಡಿ. ಜಾಗದ ಬಗ್ಗೆಯೂ ಕೇಳಿದ್ದೀರಿ: 200 ಸರ್ವರ್, ತಲಾ 1000 ಅಳತೆ ಸರಣಿ, 15 ಸೆಕೆಂಡಿಗೊಮ್ಮೆ, ಅಳತೆಗೆ 2 ಬೈಟ್ ಎಂದು ಹಿಡಿದರೆ ದಿನಕ್ಕೆ ಸುಮಾರು 2.3 ಜಿಬಿ. ಮೂಲ ಸೆಟ್ಟಿಂಗ್‌ನ 15 ದಿನಕ್ಕೆ 35 ಜಿಬಿ ಆಸುಪಾಸು.

ರ‍್ಯಾಕ್‌ನಲ್ಲಿ ಎ, ಬಿ ಎರಡು ಪಿಡಿಯು (ವಿದ್ಯುತ್ ಹಂಚುವ ಪಟ್ಟಿ). ತಲಾ 32 ಆಂಪಿಯರ್, ಸಿಂಗಲ್ ಫೇಸ್. ಈಗ ಒಂದೊಂದರಲ್ಲಿ 14 ಆಂಪಿಯರ್ ಇದೆ. ಇನ್ನಷ್ಟು ಸರ್ವರ್ ಹಾಕಬಹುದೇ?
– ಮಂಗಳೂರಿನ ಓದುಗರು

ಹಾಕುವುದಿರಲಿ, ಈಗಲೇ ಹೆಚ್ಚಾಗಿದೆ. ಎ ಹೋದರೆ 28 ಆಂಪಿಯರ್ ಪೂರ್ತಿ ಬಿ ಮೇಲೆ ಬೀಳುತ್ತದೆ. ನಿರಂತರ ಹೊರೆಗೆ ಶೇ 80 ಎಂಬ ರೂಢಿಯ ಮಿತಿ ಹಿಡಿದರೆ 25.6 ದಾಟುವಂತಿಲ್ಲ. ಅಂದರೆ ಸಾಮಾನ್ಯ ದಿನ ಒಂದೊಂದರಲ್ಲಿ 12.8ಕ್ಕಿಂತ ಕಡಿಮೆ ಇರಬೇಕು. ಪವರ್ ಸಪ್ಲೈ ಮೇಲೆ ಅಚ್ಚಾದ 800 ವ್ಯಾಟ್ ನೋಡಿ ಲೆಕ್ಕ ಹಾಕಬೇಡಿ. 'ಐಪಿಎಂಐಟೂಲ್'ನ ಡಿಸಿಎಂಐ ಪವರ್ ರೀಡಿಂಗ್‌ನಿಂದ ವಾರಪೂರ್ತಿ ನಿಜವಾದ ಬಳಕೆ ದಾಖಲಿಸಿ, ಅದರ ಗರಿಷ್ಠ ಹಿಡಿಯಿರಿ. ವಿದ್ಯುತ್ ಹೋಗಿ ಬಂದಾಗ ಎಲ್ಲ ಸರ್ವರ್ ಒಟ್ಟಿಗೆ ಏಳುವ ಗಳಿಗೆಯೇ ಅತಿ ಭಾರದ್ದು, ಬಯೋಸ್‌ನಲ್ಲಿ ಒಂದೊಂದಕ್ಕೆ ಬೇರೆ ಬೇರೆ ತಡ ಕೊಡಿ.

ತಾಪ ಅಳೆಯುವ ಸೆನ್ಸರ್ ರ‍್ಯಾಕ್‌ನ ಮುಂಭಾಗದಲ್ಲಿರಲಿ: ಕೆಳಗೆ, ನಡುವೆ, ಮೇಲೆ. ಆಶ್ರೇ (ಅಮೆರಿಕದ ಹವಾನಿಯಂತ್ರಣ ಎಂಜಿನಿಯರ್‌ಗಳ ಸಂಘ) ಶಿಫಾರಸು ಒಳಹೋಗುವ ಗಾಳಿಗೆ 18ರಿಂದ 27 ಡಿಗ್ರಿ ಸೆಲ್ಸಿಯಸ್. ಮೇಲಿನದು ಮಾತ್ರ ಬಿಸಿಯಾದರೆ ಹಿಂದಿನ ಬಿಸಿಗಾಳಿ ಮೇಲಿಂದ ಸುತ್ತಿ ಬರುತ್ತಿದೆ. ಖಾಲಿ ಜಾಗಗಳಿಗೆ ಬ್ಲ್ಯಾಂಕಿಂಗ್ ಪ್ಯಾನೆಲ್ ಹಾಕಿ. ಎಸಿ ಇಳಿಸುವುದು ಆಮೇಲೆ.

ಲಾಗ್ ಎಷ್ಟು ದಿನ ಇಡಬೇಕು?
– ಬೆಳಗಾವಿಯ ಓದುಗರು

ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಮಟ್ಟಿಗೆ ಸುರಕ್ಷಿತವಾಗಿ ಉಳಿಸಿಕೊಳ್ಳಬೇಕು. ಗಡಿಯಾರವನ್ನೂ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸಮಯ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರ್‌ಗೆ ಹೊಂದಿಸಬೇಕು. ಗಡಿಯಾರ ಹೊಂದಿಸುವ ಕ್ರೋನಿಯ 'ಟ್ರ್ಯಾಕಿಂಗ್' ಕಮಾಂಡಿನಿಂದ ವ್ಯತ್ಯಾಸ ನೋಡಿ, ಅದನ್ನೂ ಗ್ರಾಫ್‌ಗೆ ಸೇರಿಸಿ. ಎರಡು ಸರ್ವರ್‌ಗಳ ನಡುವೆ 3 ಸೆಕೆಂಡ್ ವ್ಯತ್ಯಾಸವಿದ್ದರೂ ಯಾವುದು ಮೊದಲು ಕೆಟ್ಟಿತು ಎಂಬುದನ್ನು ಲಾಗ್‌ನಿಂದ ಹೇಳಲಾಗದು.