ಹಿಂದಿನ ದಿನ ಕೇಕ್ ಆರ್ಡರ್ ಬದ್ಲಿಸಿದ್ರ
ಅಕ್ಕಾರ, ಗಿರಾಕಿ ಒಂದ್ ಕೆಜಿ ವೆನಿಲಾ ಕೇಕ್ ಹೇಳಿ ಹಿಂದಿನ ದಿನ ರಾತ್ರಿ ಎರಡ್ ಕೆಜಿ ಚಾಕೊಲೇಟ್ ಮಾಡ್ರಿ, ರೇಟ್ ಅದ ಇರ್ಲಿ ಅಂದ್ರ ಏನ್ ಮಾಡೂದು ಅಂತ ಕೇಳೀರಲ್ಲ, ಆಗಂಗಿಲ್ಲ ಅನ್ರಿ. ನಾನೂ ಇಲ್ಲೆ ಬೆಳಗಾವ್ಯಾಗ ಮನ್ಯಾಗ ಕೇಕ್ ಮಾಡ್ತೀನಿ, ಅರ್ಧಾ ಅಡ್ವಾನ್ಸ್ ಇಸ್ಕೊಂಡು ತೂಕ, ಫ್ಲೇವರ್, ಎಗ್‌ಲೆಸ್ ಹೌದೋ ಅಲ್ಲೋ, ಹೆಸರಿನ ಸ್ಪೆಲ್ಲಿಂಗ್ ಎಲ್ಲಾ ವಾಟ್ಸಾಪ್‌ನ್ಯಾಗ ಬರದು ಅವ್ರ ಕಡಿಂದ ಓಕೆ ಹಾಕಿಸ್ಕೋತೀನಿ, ಫೋನಿನ್ಯಾಗ ಹೇಳಿದ್ದು ಲೆಕ್ಕಕ್ಕಿಲ್ಲ. ತೂಕ, ಫ್ಲೇವರ್ ಬದಲಾಗೂದಿದ್ರ 48 ತಾಸು ಮೊದ್ಲ ಹೇಳ್ಬೇಕು, ಫಾಂಡಂಟ್ (ಸಕ್ಕರಿ ಕಣಕ) ಗೊಂಬಿ ಇದ್ರ ಇನ್ನೂ ಮೊದ್ಲ, ಅದು ಒಣಗಾಕ ಎರಡ್ಮೂರು ದಿನ ಬೇಕಲ್ರಿ. ಹೆಸರು ಮಾತ್ರ ಕ್ರೀಮ್ ಮ್ಯಾಲೆ ಬರಿಯೂತನಾ ಬದ್ಲಿಸ್ಕೊಡ್ರಿ, ಅದಕ್ಕ ರೊಕ್ಕ ಕೇಳಬ್ಯಾಡ್ರಿ. ಬೀಗರಾದ್ರೂ ಇದ ರೂಲ್, ಖರೇ ಅಂದ್ರ ಅವ್ರ ಜಾಸ್ತಿ ಕಾಡೂದು. ತೂಕ ಹೆಚ್ಚಾದ್ರ ಹೊಸಾ ರೇಟ್ ಕಳ್ಸಿ, ಫೋನ್‌ಪೇ ಬಂದ ಮ್ಯಾಲೇ ಓವನ್ ಹಚ್ರಿ.