ಸಂಪಾದಕರ ಉತ್ತರ: ನಡುರಾತ್ರಿಯ ಅಡುಗೆ

ಮಾನ್ಯರೆ,

ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ವೈಷಮ್ಯ ಕುರಿತ ನಮ್ಮ ಲೇಖನ ಓದಿ ನೀವು ಕೇಳಿದ್ದೀರಿ: ‘ಶೀತಲ ಸಮರವೆಂದರೆ ನಾಯಕರ ಮಾತಿನ ಜಟಾಪಟಿ. ಗುಂಡೇ ಹಾರದ ಯುದ್ಧದಿಂದ ಜನಸಾಮಾನ್ಯರಿಗೆ ಆದ ತೊಂದರೆಯಾದರೂ ಏನು?’

ಈ ಮಾತನ್ನು ನಾನು ಒಪ್ಪಲಾರೆ. 1948ರ ಬರ್ಲಿನ್ ನೋಡಿ. ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನು ಗೆದ್ದ ನಾಲ್ಕು ದೇಶಗಳು ಹಂಚಿಕೊಂಡಿದ್ದವು. ಬರ್ಲಿನ್ ಇದ್ದದ್ದು ಸೋವಿಯತ್ ವಲಯದ ನಡುವೆ. ಆದರೆ ನಗರದ ಪಶ್ಚಿಮ ಭಾಗ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಕೈಯಲ್ಲಿತ್ತು. ಆ ಜೂನ್‌ನಲ್ಲಿ ಈ ಮೂವರು ಮಾರ್ಕ್ ಎಂಬ ಜರ್ಮನ್ ಹಣದ ಹೊಸ ನೋಟು ಚಲಾವಣೆಗೆ ತಂದರು. ಅದನ್ನು ಒಪ್ಪದೆ 24ರಂದು ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್ನಿಗೆ ಬರುವ ರಸ್ತೆ, ರೈಲು, ಕಾಲುವೆಗಳನ್ನೆಲ್ಲ ಮುಚ್ಚಿತು. ನೋಟಿನ ಜಗಳದಲ್ಲಿ ತುತ್ತಿಗೆ ಕುತ್ತು ಬಂದದ್ದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ.

ಪೂರ್ವದಿಂದ ಬರುತ್ತಿದ್ದ ವಿದ್ಯುತ್ತೂ ನಿಂತಿತು. ಉಳಿದದ್ದು ದಿನಕ್ಕೆರಡು ಬಾರಿ, ಎರಡೆರಡು ಗಂಟೆ, ಬಡಾವಣೆಗೊಂದು ಸರದಿ. ಸರದಿ ನಡುರಾತ್ರಿ ಬಂದರೆ ಹೆಂಗಸರು ಆಗಲೇ ಎದ್ದು ಅಡುಗೆ ಮಾಡಿ, ಬಟ್ಟೆಗೆ ಇಸ್ತ್ರಿ ಹಾಕಿ ಮತ್ತೆ ಮಲಗಬೇಕಿತ್ತು.

ಅಮೆರಿಕ, ಬ್ರಿಟನ್‌ಗಳು ದಿನಸಿಯನ್ನು ವಿಮಾನದಲ್ಲಿ ತಂದವು. ಅಲ್ಲಿ ಕಿಲೋ ಕಿಲೋಗೂ ಲೆಕ್ಕ. ಆಲೂಗಡ್ಡೆ ಒಣಗಿಸಿದ್ದು, ಹಾಲು ಪುಡಿ, ಮಾಂಸ ಮೂಳೆ ತೆಗೆದದ್ದು. ಬ್ರೆಡ್ ತರಲಿಲ್ಲ, ಹಿಟ್ಟು ತಂದರು. ಬ್ರೆಡ್ಡಿನೊಳಗಿನ ನೀರೂ ಭಾರವೇ ತಾನೇ! ಒಟ್ಟು 23 ಲಕ್ಷ ಟನ್ ಸಾಮಗ್ರಿಯಲ್ಲಿ ಸುಮಾರು ಮೂರನೇ ಎರಡು ಪಾಲು ಬರೀ ಕಲ್ಲಿದ್ದಲು. ಪಶ್ಚಿಮ ಬರ್ಲಿನ್ನಿನ ತೆಗೆಲ್‌ನಲ್ಲಿ ಸುಮಾರು ಮೂರೇ ತಿಂಗಳಲ್ಲಿ ಹೊಸ ರನ್‌ವೇ ಎದ್ದಿತು. ದುಡಿದ ಸಾವಿರಾರು ಜನರಲ್ಲಿ ಹೆಂಗಸರು ಬಹಳ. ತಳಕ್ಕೆ ಹಾಸಿದ್ದು ಬಾಂಬಿಗೆ ಉರುಳಿದ ಮನೆಗಳ ಇಟ್ಟಿಗೆ. ಆ ಬಾಂಬು ಹಾಕಿದ್ದೂ ಈ ಬ್ರಿಟನ್, ಅಮೆರಿಕಗಳ ವಿಮಾನಗಳೇ, ಮೂರು ವರ್ಷಗಳ ಹಿಂದಷ್ಟೆ. ಇದನ್ನು ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಹಸಿವನ್ನೇ ಆಯುಧ ಮಾಡಿಕೊಂಡ ಸ್ಟಾಲಿನ್ ನಡೆ ಅಕ್ಷಮ್ಯ. ಹಾಗೆಂದು ಪಶ್ಚಿಮದವರು ಬರಿಯ ಕರುಣೆಯಿಂದ ಬಂದರೆಂದೂ ನಾನು ಹೇಳುವುದಿಲ್ಲ. ಬರ್ಲಿನ್ ಬಿಟ್ಟುಕೊಟ್ಟರೆ ಯುರೋಪು ತಮ್ಮನ್ನು ನಂಬದು ಎಂಬ ಲೆಕ್ಕಾಚಾರ ಅವರಿಗಿತ್ತು.

ಗುಂಡು ಹಾರಲಿಲ್ಲ ಎಂದಿರಿ, ನಿಜ. ಆದರೆ ಆ ಸಾಗಣೆಯ ಅಪಘಾತಗಳಲ್ಲಿ ಬ್ರಿಟನ್ನಿನ 39, ಅಮೆರಿಕದ 31 ಮಂದಿ ಸತ್ತರು. ಜರ್ಮನ್ ಕೆಲಸಗಾರರೂ ಸತ್ತರು. 1949ರ ಮೇ 12ರಂದು ದಿಗ್ಬಂಧನ ತೆರವಾಯಿತು. ಆದರೂ ಸೆಪ್ಟೆಂಬರ್‌ವರೆಗೆ ವಿಮಾನಗಳು ಬರುತ್ತಲೇ ಇದ್ದವು. ದಾರಿ ಮತ್ತೆ ಯಾವಾಗ ಮುಚ್ಚುತ್ತದೋ ಎಂದು ಉಗ್ರಾಣ ತುಂಬಿಸುತ್ತಿದ್ದರು.

– ಸಂಪಾದಕ