ಅಮೆರಿಕದ ನೆಬ್ರಾಸ್ಕಾ ರಾಜ್ಯದ ಚೆರ್ರಿ ಕೌಂಟಿಯಲ್ಲಿ ಕೆಲಸ ಸಿಕ್ಕಿದೆ. ಏನೂ ಇಲ್ಲದ ಆ ಜಾಗಕ್ಕೆ ಹೋಗಬಹುದಾ?

ಹೋಗಿ. ನಾನು ಅಲ್ಲಿನ ವ್ಯಾಲೆಂಟೈನ್ ಊರಿನಲ್ಲಿ ಮೂರು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದೆ. ವಾರದ ಕೊನೆಗೆ ರಾಜ್ಯದ ದೊಡ್ಡ ನಗರ ಒಮಾಹಾಗೆ ಹೋಗಿಬಂದರೆ ಸಾಕಲ್ಲವಾ ಅಂತ ಕೇಳಿದ್ದೀರಿ. ನಾನೂ ಮೊದಲ ವರ್ಷ ಅದನ್ನೇ ಮಾಡಿದೆ. ಒಂದು ಕಡೆಗೆ ಸುಮಾರು 300 ಮೈಲಿ. ಕನ್ನಡದವರು ಸಿಗುತ್ತಿದ್ದರು, ಊಟ ಆಗುತ್ತಿತ್ತು, ಸೋಮವಾರ ಸುಸ್ತಾಗಿ ಕೆಲಸಕ್ಕೆ ಹೋಗುತ್ತಿದ್ದೆ. ಇದ್ದ ಊರು ಮಾತ್ರ ಗೊತ್ತೇ ಆಗಲಿಲ್ಲ.

ಆ ಕೌಂಟಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು, 15,500 ಚದರ ಕಿಲೋಮೀಟರ್ ದಾಟುತ್ತದೆ. 2020ರ ಗಣತಿಯಲ್ಲಿ ಜನ 5,455. ಅವರಲ್ಲಿ ಅರ್ಧದಷ್ಟು ವ್ಯಾಲೆಂಟೈನ್‌ನಲ್ಲೇ ಇದ್ದಾರೆ. ಉಳಿದದ್ದೆಲ್ಲ ಸ್ಯಾಂಡ್‌ಹಿಲ್ಸ್: ಮರಳಿನ ಗುಡ್ಡ, ಅದನ್ನು ಹಿಡಿದು ನಿಲ್ಲಿಸಿದ ಹುಲ್ಲು, ಮೇಯುವ ದನ.

ನನ್ನ ತಪ್ಪು ಇದು. ಎರಡನೇ ವರ್ಷ ಜುಲೈನಲ್ಲಿ, ನನ್ನ ಹತ್ತಿರ ಮೊಣಕಾಲಿನ ಚಿಕಿತ್ಸೆಗೆ ಬರುತ್ತಿದ್ದ ಒಬ್ಬ ಹಿರಿಯರು ತಮ್ಮ ದನ ಸಾಕುವ ಜಮೀನಿನ, ಅಂದರೆ ರ‍್ಯಾಂಚ್‌ನ ಕೆರೆಯಲ್ಲಿ ಮೀನು ಹಿಡಿಯಲು ಕರೆದರು. ವಾಪಸ್ ಬರುವಾಗ ನಾನೊಬ್ಬನೇ ಇದ್ದೆ. ದಾರಿಯಲ್ಲಿ ಒಂದು ಮುಳ್ಳುತಂತಿ ಗೇಟು ತೆಗೆದು ಬೇಲಿಗೆ ಒರಗಿಸಿತ್ತು. ನಾಲ್ಕು ಎಳೆ ತಂತಿ, ನಡುವೆ ಕೋಲುಗಳು, ಅಷ್ಟೇ. ಕೊನೆಯ ಕೋಲನ್ನು ತಬ್ಬಿಕೊಂಡು, ಭುಜ ಕೊಟ್ಟು ಎಳೆದು, ಕಂಬದ ಕುಣಿಕೆಗೆ ಸಿಕ್ಕಿಸಬೇಕು. ನಾನು ತೀರ್ಥಹಳ್ಳಿ ಕಡೆಯವನು. ಉಣಗೋಲು, ಅಂದರೆ ಬೇಲಿಯ ದಾರಿಗೆ ಅಡ್ಡ ಹಾಕುವ ಕೋಲು, ತೆಗೆದವರು ಹಾಕಿಯೇ ಹೋಗಬೇಕು ಅಂತ ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದವನು. ಯಾರೋ ಮರೆತಿದ್ದಾರೆ ಅಂದುಕೊಂಡು ಕಷ್ಟಪಟ್ಟು ಮುಚ್ಚಿ ಬಂದೆ.

ಯಾರೂ ಮರೆತಿರಲಿಲ್ಲ. ಆ ಕಡೆಯ ದನಗಳಿಗೆ ಈ ಕಡೆ ನೀರು. ಅಲ್ಲಿ ನೆಲದಡಿ ಒಗಲಾಲ ಅನ್ನೋ ದೊಡ್ಡ ಜಲರಾಶಿ ಇದೆ, ಗಾಳಿಯಂತ್ರ ಅದನ್ನು ಎತ್ತಿ ದುಂಡನೆಯ ತೊಟ್ಟಿಗೆ ಸುರಿಯುತ್ತದೆ. ಆ ತೊಟ್ಟಿಗೆ ಹೋಗುವ ದಾರಿಯನ್ನೇ ನಾನು ಕಟ್ಟಿಹಾಕಿದ್ದೆ. ಎರಡು ದಿನ ಯಾರೂ ಆ ಕಡೆ ಹೋಗಲಿಲ್ಲ. ಬೇಲಿ ಮುರಿಯಿತು, ಎರಡು ಕರು ಸತ್ತವು. ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ಮುಚ್ಚಬೇಕು. ಅಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು. ಒಂದು ವರ್ಷ ಅಲ್ಲೇ ಇದ್ದ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಶನಿವಾರ ಭಾನುವಾರ ನಾನು ಊರಲ್ಲೇ ಇರುತ್ತಿರಲಿಲ್ಲ. ನಾನೇ ಹೋಗಿ ಒಪ್ಪಿಕೊಂಡೆ, ಕರುಗಳ ದುಡ್ಡು ಕೊಟ್ಟೆ. ಅವರು ಬೈಯಲಿಲ್ಲ. ಚಿಕಿತ್ಸೆಗೆ ಮಾತ್ರ ಮತ್ತೆ ಬರಲಿಲ್ಲ. ಆ ನೋವು ಇನ್ನೂ ಇದೆ.

ಆಮೇಲೆ ಒಮಾಹಾ ಬಿಟ್ಟೆ, ಬೇಲಿಗಳ ಕಥೆ ಕೇಳೋಕೆ ಶುರು ಮಾಡಿದೆ. ಬಾರ್ಟ್‌ಲೆಟ್ ರಿಚರ್ಡ್ಸ್ ಅನ್ನೋ ದೊಡ್ಡ ರ‍್ಯಾಂಚ್ ಒಡೆಯ ಸರ್ಕಾರಿ ಜಮೀನಿಗೆ ಬೇಲಿ ಹಾಕಿಸಿದ್ದ; ಕೊನೆಗೆ ಸರ್ಕಾರಿ ಜಮೀನು ಮೋಸದಿಂದ ಪಡೆಯುವ ಸಂಚಿಗಾಗಿ ಜೈಲು ಸೇರಿ, 1911ರಲ್ಲಿ ತೀರಿಕೊಂಡ. ಅಲ್ಲಿ ಬಂದು ನೆಲೆಸುವವರಿಗೆ ಸರ್ಕಾರಿ ಜಮೀನು ಕೊಡುವ 1904ರ ಕಿಂಕೇಡ್ ಕಾಯ್ದೆ ಬಂದ ಮೇಲೆ ಒಬ್ಬೊಬ್ಬರಿಗೆ 640 ಎಕರೆವರೆಗೆ ಸಿಗುತ್ತಿತ್ತು. ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆ ಮರಳಿನಲ್ಲಿ ಒಂದು ಸಂಸಾರಕ್ಕೆ ಅದು ಸಾಲುತ್ತಿರಲಿಲ್ಲ. ಹಾಗೆ ಬಂದವರಲ್ಲಿ ಕಪ್ಪು ಜನಾಂಗದ ರೈತರೂ ಇದ್ದರು. 1907ರ ಸುಮಾರಿಗೆ ಬ್ರೌನ್‌ಲೀ ಹತ್ತಿರ, ನಾರ್ತ್ ಲೂಪ್ ನದಿಯ ಪಕ್ಕ ಡಿವಿಟ್ಟಿ ಅನ್ನೋ ಊರನ್ನೇ ಕಟ್ಟಿದರು. 1930ರ ದಶಕದಲ್ಲಿ ಅದು ಖಾಲಿಯಾಯಿತು. ಈಗ ಒಂದು ಫಲಕ ಇದೆ. ಅಲ್ಲಿ ನಿಂತರೆ ನಿಮಗೂ ಹುಲ್ಲು ಬಿಟ್ಟು ಏನೂ ಕಾಣಲ್ಲ, ಆದರೆ ‘ಏನೂ ಇಲ್ಲ’ ಅಂತ ಬಾಯಿಗೆ ಬರಲ್ಲ.

ರಾಜ್ಯದ ರಾಜಧಾನಿ ಲಿಂಕನ್‌ನಲ್ಲಿ ಬೇರೆ ಕೆಲಸ ನೋಡಲಾ ಅಂತಲೂ ಕೇಳಿದ್ದೀರಿ. ಅದರ ಲೆಕ್ಕ ನನಗೆ ಬೇಡ. ಚೆರ್ರಿಗೆ ಹೋದರೆ ಮೊದಲ ಆರು ತಿಂಗಳು ಕೌಂಟಿ ದಾಟಬೇಡಿ. ಕರೆದವರ ಮನೆಗೆಲ್ಲ ಹೋಗಿ. ಕೌಂಟಿಯ ಪಶ್ಚಿಮ ಭಾಗದ ಗಡಿಯಾರ ವ್ಯಾಲೆಂಟೈನ್‌ಗಿಂತ ಒಂದು ಗಂಟೆ ಹಿಂದೆ ಇರುತ್ತದೆ, ಆರು ಗಂಟೆಗೆ ಬನ್ನಿ ಅಂದರೆ ಯಾರ ಆರು ಗಂಟೆ ಅಂತ ಕೇಳಿಕೊಳ್ಳಿ. ಗೇಟಿನ ವಿಷಯವನ್ನೂ ಆಗಲೇ ಕೇಳಿ, ಕಾರು ಹತ್ತುವ ಮುಂಚೆ.